ಬೋರೆಕೊಪ್ಪಲಿನ ನೈಟ್ ಹಾಲ್ಟು

ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಅದರೊಳಗೆ ಮಲಗಿದರೆ ದಿಂಬು ಒಂದು ಕಡೆ, ತಲೆ ಒಂದು ಕಡೆ ಆಗುತ್ತದೆ ಎಂದು ಮೊದಲ ರಾತ್ರಿಯೇ ನಮ್ಮವರಿಗೆ ಹೇಳಿದ್ದೆ. ಕೇಳಲಿಲ್ಲ. ಅವರ ಹೆಸರು ಹೊನ್ನಪ್ಪ. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿ ನನಗಿಲ್ಲ, ಬರೆಯುವುದಕ್ಕೇನೂ ಅಡ್ಡಿಯಿಲ್ಲವಲ್ಲ. ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿದವರು. ನಾನು ಯಶೋದಮ್ಮ, ಪಾಂಡವಪುರದ ಪ್ರೈಮರಿ ಸ್ಕೂಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ವರ್ಷ ಮಕ್ಕಳ ಕಿವಿ ಹಿಂಡಿದವಳು. ತೊಂಬತ್ತಾರನೇ ಇಸವಿಯಲ್ಲಿ ಇಬ್ಬರೂ ಕೆಲಸ ಮುಗಿಸಿ ಮನೆಯಲ್ಲಿ ಕೂತೆವು. ಕೂತು ಎರಡು ತಿಂಗಳಾಗಿರಲಿಲ್ಲ, ಇವರು ಒಂದು ಹಳೆಯ ಮೆಟಡಾರ್ ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದರು.

ಅದು ಬೇಕರಿಯವರು ಬ್ರೆಡ್ಡು ಸಾಗಿಸುತ್ತಿದ್ದ ವ್ಯಾನು. ಎಷ್ಟು ತೊಳೆದರೂ ಒಳಗೆ ಬನ್ನಿನ ವಾಸನೆ ಹೋಗಲಿಲ್ಲ. ಇವರು ಬಡಗಿಯನ್ನು ಕೂರಿಸಿಕೊಂಡು ಎರಡು ಹಲಗೆ ಮಂಚ ಹೊಡೆಸಿದರು, ಸೀಮೆಎಣ್ಣೆ ಸ್ಟೌವಿಗೆ ಒಂದು ತಗಡಿನ ಗೂಡು ಮಾಡಿಸಿದರು, ಹೊಸ ಬ್ಯಾಟರಿ ಹಾಕಿಸಿದರು. ನನ್ನ ಎರಡು ಹಳೆಯ ಸೀರೆ ಹರಿದು ಕಿಟಕಿಗೆ ಪರದೆ ಕಟ್ಟಿದರು, ನನ್ನನ್ನು ಒಂದು ಮಾತೂ ಕೇಳದೆ. ಎಲ್ಲಿಗೆ ಎಂದು ಕೇಳಿದರೆ, ನಾನು ರಾತ್ರಿ ಮಲಗಿದ ಊರುಗಳನ್ನೆಲ್ಲ ನಿನಗೆ ತೋರಿಸುತ್ತೇನೆ ಎಂದರು.

ನೈಟ್ ಹಾಲ್ಟ್ ಬಸ್ಸು ಎಂದರೆ ಈ ಕಡೆಯವರಿಗೆಲ್ಲ ಗೊತ್ತು. ಸಂಜೆಯ ಕೊನೆಯ ಟ್ರಿಪ್ಪು ಯಾವುದೋ ಊರಿಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಬೆಳಗಿನ ಮೊದಲ ಟ್ರಿಪ್ಪು ಅಲ್ಲಿಂದಲೇ ಹೊರಡುತ್ತದೆ. ಡ್ರೈವರೂ ಕಂಡಕ್ಟರೂ ಬಸ್ಸಿನಲ್ಲೇ ಮಲಗುತ್ತಾರೆ. ಊಟ ಊರಿನವರದು, ಒಂದೊಂದು ದಿನ ಒಂದೊಂದು ಮನೆಯ ಸರದಿ. ವಾರದಲ್ಲಿ ನಾಲ್ಕು ರಾತ್ರಿ ಗಂಡ ಯಾರ ಮನೆಯ ಮುದ್ದೆ ಉಣ್ಣುತ್ತಾನೆಂದು ಗೊತ್ತಿಲ್ಲದ ಹೆಂಡತಿ ನೀವೊಬ್ಬರೇ ಎಂದು ಸ್ಕೂಲಿನಲ್ಲಿ ಟೀಚರುಗಳು ನನ್ನನ್ನು ರೇಗಿಸುತ್ತಿದ್ದರು. ಈಗ ಆ ಮನೆಗಳನ್ನು ನೋಡುವ ಯೋಗ ಬಂತು ಎಂದು ಹೊರಟೆ.

ಇವರ ಕಟ್ಟುನಿಟ್ಟು ನೋಡಿ ನನಗೆ ಮೈ ಉರಿಯುತ್ತಿತ್ತು. ಹೊತ್ತು ಮುಳುಗುವ ಮೊದಲೇ ಊರು ಸೇರಬೇಕು, ಕತ್ತಲಲ್ಲಿ ಬಂದು ನಿಂತ ಗಾಡಿಯನ್ನು ಯಾರು ತಾನೇ ನಂಬುತ್ತಾರೆ? ನಿಲ್ಲಿಸುವ ಮುನ್ನ ಹತ್ತಿರದ ಮನೆಯವರನ್ನು ಕೇಳಬೇಕು. ಬೇಡ ಎಂದರೆ ಯಾಕೆ ಎನ್ನಬಾರದು, ಮುಂದಿನ ಊರಿಗೆ ಹೋಗಬೇಕು. ತೊಣ್ಣೂರಿನಲ್ಲಿ ಕೆರೆಯ ಅಂಚಿಗೆ ಹುಲ್ಲು ಬೆಳೆದ ಒಂದು ಜಾಗ ಕಂಡು ಇಲ್ಲೇ ನಿಲ್ಲಿಸಿ ಎಂದೆ. ಇವರು ಇಳಿದು ಸುತ್ತ ಒಮ್ಮೆ ನೋಡಿ ಬಂದು, ಪೊದೆಯ ಪಕ್ಕದ ಕಾಲುದಾರಿ ತೋರಿಸಿದರು. ಬೆಳಗಿನ ಜಾವ ಹೆಂಗಸರು ಚೊಂಬು ಹಿಡಿದು ಹೋಗುವ ದಾರಿ ಅದು, ನಾವು ಇಲ್ಲಿ ನಿಂತರೆ ಅವರು ಎಲ್ಲಿಗೆ ಹೋಗಬೇಕು ಎಂದರು. ಹೆಂಗಸಾದ ನನಗೆ ಅದು ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. ಬೆಳಿಗ್ಗೆ ಹೊರಡುವಾಗ ನಿಂತಿದ್ದ ಜಾಗವನ್ನು ಪೊರಕೆ ಹಿಡಿದು ತಾವೇ ಗುಡಿಸುತ್ತಿದ್ದರು. ಮನೆಯಲ್ಲಿ ಒಂದು ದಿನ ಪೊರಕೆ ಮುಟ್ಟಿದವರಲ್ಲ.

ಇಷ್ಟೆಲ್ಲ ಒಪ್ಪಬಹುದಿತ್ತು. ಆದರೆ ಆ ಇಳಿಜಾರಿನ ಹುಚ್ಚು! ಅರಕೆರೆಯಲ್ಲಿ ಪರಿಚಯದವರು ಸ್ಕೂಲಿನ ಬಯಲಲ್ಲೇ ನಿಲ್ಲಿಸಿ ಎಂದು ಎಷ್ಟೋ ಹೇಳಿದರು. ಇವರು ಅರ್ಧ ಮೈಲಿ ಆಚೆ ನಾಲೆಯ ಏರಿಗೆ ಹೋಗಿ ವ್ಯಾನಿನ ಮೂತಿಯನ್ನು ರಸ್ತೆಯ ಕಡೆಗೆ ಕೆಳಮುಖವಾಗಿ ತಿರುಗಿಸಿ, ಗಾಲಿಗೆ ಎರಡು ಕಲ್ಲು ಕೊಟ್ಟು, ಆಮೇಲೆ ಕಾಲು ತೊಳೆದರು. ಕೆ.ಆರ್. ಪೇಟೆಯಲ್ಲಿ ಮಗಳು ರಮ್ಯಳ ಮನೆಗೆ ಹೋದಾಗಲೂ ಇದೇ ಪಾಡು. ಅಳಿಯ ಕುಮಾರ್ ಮನೆಯ ಮುಂದೆ ನಿಂತಿದ್ದ ಸ್ಕೂಟರು ಸರಿಸಿ ಜಾಗ ಮಾಡಿಕೊಟ್ಟರೆ, ಇವರು ಬೀದಿಯ ಮೇಲ್ತುದಿಯ ಏರಿನಲ್ಲಿ ವ್ಯಾನು ಬಿಟ್ಟು ನಡೆದು ಬಂದರು. ಅಕ್ಕಪಕ್ಕದವರ ಎದುರು ಅಳಿಯನಿಗೆ ಮುಜುಗರವಾಯಿತು. ರಮ್ಯ ಮಾತ್ರ ನಕ್ಕಳು. ಅವಳು ಮೊದಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಾಗ ಇವರು ಯಾರದೋ ಟೆಂಪೊ ಕೇಳಿ ತಂದು, ನಮ್ಮ ಬೀದಿಯ ಇಳಿಜಾರಿನಲ್ಲಿ ಒಂಬತ್ತು ರಾತ್ರಿ ನಿಲ್ಲಿಸಿ, ಅದರಲ್ಲೇ ಮಲಗಿದ್ದರು. ಹೆರಿಗೆ ಹಗಲು ಹನ್ನೊಂದು ಗಂಟೆಗೆ ಆಯಿತು, ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ಆ ಕಥೆ ಹೇಳಿ ಹೇಳಿ ನಾನು ವರ್ಷಗಟ್ಟಲೆ ಆಡಿಕೊಂಡಿದ್ದೆ.

ದೇವಲಾಪುರ ತಲುಪಿದಾಗ ಮಧ್ಯಾಹ್ನ. ಊರಾಚೆ ಒಂದು ಹೊಂಗೆ ಮರದ ನೆರಳಿನಲ್ಲಿ ನಿಲ್ಲಿಸಿ ನಾನು ಚಿತ್ರಾನ್ನದ ಡಬ್ಬಿ ಬಿಚ್ಚಿದೆ. ಇವರು ಕೈ ತೊಳೆದು ಕೂತರು, ತುತ್ತು ಎತ್ತಲಿಲ್ಲ. ಉಪ್ಪು ಹೆಚ್ಚಾಯಿತೇ ಎಂದೆ. ಇಲ್ಲ ಎಂದರು. ಇಲ್ಲಿಂದ ನಾಲ್ಕು ಮೈಲಿಗೆ ಬೋರೆಕೊಪ್ಪಲು, ನಾನು ಹೊರಟಿದ್ದು ಆ ಊರಿಗೆ, ಉಳಿದದ್ದೆಲ್ಲ ಅಲ್ಲಿಗೆ ಹೋಗಲು ಧೈರ್ಯ ಸಾಲದೆ ಸುತ್ತಿದ್ದು ಎಂದರು. ಆಮೇಲೆ ಅನ್ನ ನೋಡುತ್ತಲೇ ಎಲ್ಲ ಹೇಳಿದರು.

ಎಪ್ಪತ್ತೆಂಟನೇ ಇಸವಿ. ಇವರ ಬಸ್ಸಿನ ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು, ಸೆಲ್ಫ್ ಹೊಡೆದರೆ ಎಂಜಿನ್ನು ಮಿಸುಕುತ್ತಿರಲಿಲ್ಲ. ಓಡುವಷ್ಟು ದಿನ ಓಡಲಿ ಎಂದು ಬಸ್ಸಿನ ಸಾಹುಕಾರರು ಸುಮ್ಮನಿದ್ದರು. ಅದಕ್ಕೇ ಇವರು ಎಲ್ಲಿ ಹಾಲ್ಟಾದರೂ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಗಾಲಿಯ ಕಲ್ಲು ತೆಗೆದು ಬಸ್ಸನ್ನು ಉರುಳಲು ಬಿಟ್ಟು, ಗೇರಿಗೆ ಹಾಕಿದರೆ ತಾನೇ ಹತ್ತಿಕೊಳ್ಳುತ್ತಿತ್ತು. ಬೋರೆಕೊಪ್ಪಲಿನಲ್ಲಿ ಊರ ಮುಂದಿನ ದಿಣ್ಣೆ, ಅದರ ಮೇಲೊಂದು ಹುಣಸೆ ಮರ, ಅದೇ ಇವರ ಜಾಗ. ಒಂದು ದಿನ ಊಟದ ಸರದಿ ಕುಳ್ಳಯ್ಯ ಎಂಬುವರ ಮನೆಯದು. ಅವರ ಮನೆ ದಿಣ್ಣೆಯ ಕೆಳಗೆ, ತಗ್ಗಿನಲ್ಲಿ. ಅವತ್ತು ಸಂಜೆಯಿಂದ ಸೋನೆ ಹಿಡಿದಿತ್ತು. ಉಂಡು ನೆನೆದುಕೊಂಡು ಮೇಲೆ ಹತ್ತುವುದು ಯಾರು ಎಂದು ಸೋಮಾರಿತನ ಬಂದು, ಬಸ್ಸನ್ನು ಅವರ ಬಾಗಿಲಿಗೇ ತಂದು ಮಟ್ಟಸ ನೆಲದಲ್ಲಿ ನಿಲ್ಲಿಸಿಬಿಟ್ಟೆ ಎಂದರು.

ಕುಳ್ಳಯ್ಯನವರ ಮಗಳು ಪುಟ್ಟತಾಯಿ ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಊಟಕ್ಕೆ ಅವಳೇ ಬಡಿಸಿದಳಂತೆ, ಬೇಡವೆಂದರೂ ಎರಡನೆಯ ಮುದ್ದೆ ಇಟ್ಟಳಂತೆ. ರಾತ್ರಿ ನೋವು ಶುರುವಾಗಿ, ಸೂಲಗಿತ್ತಿ ತನ್ನ ಕೈಲಾಗದು ಎಂದಳು. ನಾಗಮಂಗಲದ ಆಸ್ಪತ್ರೆಗೆ ಒಯ್ಯಬೇಕು, ಊರಿಗೆಲ್ಲ ಇದ್ದದ್ದು ಇವರ ಬಸ್ಸೊಂದೇ. ಅದು ಏಳಲಿಲ್ಲ. ಇಪ್ಪತ್ತು ಜನ ತಳ್ಳಿದರು, ಕೆಸರಿನಲ್ಲಿ ಕಾಲು ಜಾರಿತೇ ಹೊರತು ಬಸ್ಸು ಹೋಗಲಿಲ್ಲ. ಕೊನೆಗೆ ಎತ್ತುಗಳನ್ನು ಹೂಡಿ ದಿಣ್ಣೆಯ ಮೇಲಕ್ಕೆ ಎಳೆಸುವ ಹೊತ್ತಿಗೆ ಕೋಳಿ ಕೂಗಿತು. ದಿಣ್ಣೆಯಿಂದ ಬಿಟ್ಟ ಕೂಡಲೇ ಹತ್ತಿಕೊಂಡಿತು. ದೇವಲಾಪುರ ದಾಟುವಾಗ ಹಿಂದಿನ ಸೀಟಿನ ಕೂಗು ನಿಂತಿತು. ಮಗುವೂ ಉಳಿಯಲಿಲ್ಲ. ಅದೇ ಬಸ್ಸಿನಲ್ಲಿ ಹೆಣ ತಂದು ಬಾಗಿಲಲ್ಲಿ ಇಳಿಸಿದಾಗ ಕುಳ್ಳಯ್ಯ ಕಬ್ಬಿಣದ ರಾಡು ತೆಗೆದುಕೊಂಡು ಇವರ ಕೈ ಮುರಿದರು. ಇನ್ನು ನನ್ನೂರ ಎಲ್ಲೆಯೊಳಗೆ ಗಾಲಿ ಇಡಬೇಡ ಎಂದರು.

ಆ ಕೈ ನನಗೆ ಗೊತ್ತು. ಬಸ್ಸಿನ ಬಾಗಿಲಿಗೆ ಸಿಕ್ಕಿತು ಎಂದು ಹೇಳಿದ್ದರು. ನಲವತ್ತು ದಿನ ಎಣ್ಣೆ ನೀವಿದವಳು ನಾನು. ಹದಿನೆಂಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು ನನಗೆ ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂತು. ರಮ್ಯಳ ಬಾಣಂತನದ ಆ ಟೆಂಪೊ ನೆನಪಾಯಿತು. ನಾನು ಆಡಿಕೊಂಡ ಅಷ್ಟೂ ಸಲ ಇವರು ಸುಮ್ಮನೆ ಕೂತು ಕೇಳಿದ್ದರಲ್ಲ ಎಂದು ಅತ್ತುಬಿಟ್ಟೆ. ಅತ್ತ ಮೇಲೆ, ಈಗ ಅಲ್ಲಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದೆ.

"ಒಂದ್ ರಾತ್ರಿ ಆ ಊರಲ್ಲಿ ಅವ್ರನ್ನ ಕೇಳಿ ಮಲಗ್ಬೇಕು. ಬ್ಯಾಡ ಅಂದ್ರೆ ವಾಪಸ್ ಬರಾದು" ಎಂದರು.

ಬೋರೆಕೊಪ್ಪಲಿನ ಎಲ್ಲೆಗಲ್ಲಿನ ಹತ್ತಿರ ಬಂದಾಗ ಹೊತ್ತು ಇನ್ನೂ ಸಾಕಷ್ಟಿತ್ತು. ಇವರು ಕಲ್ಲಿನಿಂದ ಮಾರು ದೂರ ಈಚೆಗೇ ವ್ಯಾನು ನಿಲ್ಲಿಸಿದರು. ಗಾಲಿ ಇಡಬೇಡ ಎಂದಿದ್ದಾರೆ, ಕಾಲು ಇಡಬಹುದು ಎಂದು ಇಳಿದು ನಡೆದರು. ನಾನು ಸೆರಗು ಹೊದ್ದು ಹಿಂದೆ ಹೋದೆ. ದಾರಿಯ ಬದಿಯ ಕಣಗಳಲ್ಲಿ ರಾಗಿ ಒಕ್ಕಣೆ ನಡೆದಿತ್ತು. ಹುಣಸೆ ಮರ ದಿಣ್ಣೆಯ ಮೇಲೆ ಹಾಗೇ ಇತ್ತು. ಇವರು ಅದರ ಕಡೆ ನೋಡಲಿಲ್ಲ.

ತಗ್ಗಿನ ಮನೆಯ ಜಗಲಿಯಲ್ಲಿ ಮುದುಕರೊಬ್ಬರು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದರು. ಬಾಗಿಲ ಬಳಿ ಅವರ ಹೆಂಡತಿ ದ್ಯಾವಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ಕುಳ್ಳಯ್ಯನವರಿಗೆ ಕಣ್ಣು ಮಂಜು, ಯಾರು ಎಂದು ಕೇಳಿದರು. ಇವರು ಹೆಸರು ಹೇಳಿ, ಬಸ್ ಡ್ರೈವರು ಎಂದರು. ಹಗ್ಗದ ಮೇಲೆ ಕೈ ನಿಂತಿತು. ದ್ಯಾವಮ್ಮ ತಲೆ ಎತ್ತಿ ನೋಡಿ, ಮತ್ತೆ ಮೊರದ ಕಡೆ ಬಗ್ಗಿಸಿದರು.

ಇವರು ಕೈ ಮುಗಿಯಲಿಲ್ಲ, ಕಾಲಿಗೆ ಬೀಳಲಿಲ್ಲ. ನಿಂತು ಕೇಳಿದರು. "ಕುಳ್ಳಯ್ಯಣ್ಣ, ವ್ಯಾನು ಎಲ್ಲೆಯಾಚೆ ನಿಲ್ಸಿವ್ನಿ. ಒಂದ್ ರಾತ್ರಿ ದಿಣ್ಣೆ ಮ್ಯಾಲೆ ನಿಲ್ಸ್ಕೊತೀನಿ, ನೀವು ಊ ಅಂದ್ರೆ."

"ಬ್ಯಾಡ ಅಂತ ಅವತ್ತೇ ಏಳಿವ್ನಲ್ಲ" ಎಂದರು ಕುಳ್ಳಯ್ಯ. ಅಷ್ಟೇ.

ಇವರು ಆಗಲಿ ಎಂದು ತಲೆಯಾಡಿಸಿ ತಿರುಗಿದರು. ಊರಿಂದೂರಿಗೆ ಕಾಪಾಡಿಕೊಂಡು ಬಂದ ನಿಯಮ ಅದೇ, ಬೇಡ ಎಂದರೆ ಯಾಕೆ ಎನ್ನಬಾರದು. ನನಗೆ ಮಾತ್ರ ತಡೆಯಲಾಗಲಿಲ್ಲ. ಏನಾದರೂ ಹೇಳೋಣ ಎಂದು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಹಿಂದಿನಿಂದ ದ್ಯಾವಮ್ಮ, "ನಿಂತ್ಕೊಳಪ್ಪ" ಎಂದರು.

ಅವರು ಮೊರ ಬದಿಗಿಟ್ಟು ಗೋಡೆ ಹಿಡಿದು ಎದ್ದರು. ಇವರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಗಂಡನ ಕಡೆ ತಿರುಗಿ ಮಾತಾಡಿದರು.

"ಅವತ್ತು ಇವ್ನು ಬಸ್ಸ ದಿಣ್ಣೆ ಮ್ಯಾಲೇ ನಿಲ್ಸಿ ಉಣ್ಣಕ್ ಬಂದಿದ್ದ. ಸೋನೆ ಬುಡ್ತಾ ಇಲ್ಲ, ಉಂಡು ನೆನ್ಕಂಡು ಯಾಕಪ್ಪ ಓಗಿಯೆ, ನಮ್ ಬಾಗ್ಲಿಗೇ ತಂದು ಮನಿಕ್ಕೊ ಅಂದೋಳು ನಾನು. ಬ್ಯಾಡಕ್ಕ ಅಂದ. ನಾನೇ ಬುಡ್ಲಿಲ್ಲ, ಉಂಡ ಮನೆ ಮಾತು ಮೀರ್ತೀಯಾ ಅಂದೆ. ನೀನು ಇವ್ನ ಕೈ ಮುರಿಯೋವಾಗ ನಾನು ಇದೇ ಬಾಗ್ಲಲ್ಲಿ ನಿಂತಿದ್ದೆ. ಬಾಯ್ ಬುಡ್ಲಿಲ್ಲ. ಅದಿನೆಂಟು ವರ್ಸ ಬುಡ್ಲಿಲ್ಲ."

ನಾನು ನಮ್ಮವರ ಮುಖ ನೋಡಿದೆ. ಹೊಂಗೆ ಮರದ ಕೆಳಗೆ ಎಲ್ಲ ಹೇಳಿದವರು ಇದೊಂದನ್ನು ನನಗೂ ಹೇಳಿರಲಿಲ್ಲ. ಸೋಮಾರಿತನ ಎಂದಿದ್ದರು. ಕೈಗೆ ರಾಡು ಬಿದ್ದಾಗಲೂ ಹೇಳಿರಲಿಲ್ಲ.

"ಅಕ್ಕ, ಅದು ನಿಮ್ ತಲೆ ಮ್ಯಾಲೆ ಬ್ಯಾಡ" ಎಂದರು. "ಉಣ್ಣಕ್ ಇಕ್ಕಿದೋರು ಮಳೇಲಿ ನೆನೀಬ್ಯಾಡ ಅನ್ನದೆ ಇನ್ನೇನಂದಾರು. ಬ್ಯಾಟ್ರಿ ಸತ್ತದೆ ಅಂತ ನಿಮಗೇನು ಗೊತ್ತು? ನಂಗೆ ಗೊತ್ತಿತ್ತು. ಡ್ರೈವರು ನಾನು."

ಕುಳ್ಳಯ್ಯ ಕೈಯಲ್ಲಿದ್ದ ಹಗ್ಗವನ್ನು ಸುತ್ತಿ ಜಗಲಿಯ ಮೇಲಿಟ್ಟು, ಕೋಲು ಹುಡುಕಿಕೊಂಡು, ಮನೆಯ ಹಿಂಭಾಗಕ್ಕೆ ನಡೆದುಬಿಟ್ಟರು. ದ್ಯಾವಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಅವರ ಹತ್ತಿರ ಹೋಗಿ ಭುಜ ಮುಟ್ಟಬೇಕೆನಿಸಿತು, ಧೈರ್ಯ ಬರಲಿಲ್ಲ. ನಾವು ಬಂದ ದಾರಿಯಲ್ಲೇ ಎಲ್ಲೆಗಲ್ಲಿಗೆ ವಾಪಸಾದೆವು.

ಇವರು ಸ್ಟೇರಿಂಗಿನ ಮುಂದೆ ಕೂತರು, ಗಾಡಿ ಚಾಲು ಮಾಡಲಿಲ್ಲ. ಹೊತ್ತು ಮುಳುಗುವ ಮೊದಲು ಇನ್ನೊಂದು ಊರು ಸೇರಬೇಕಲ್ಲ ಎಂದು ನಾನು ನೆನಪಿಸಿದೆ. ಹೂಂ ಎಂದರು, ಹೊರಡಲಿಲ್ಲ. ದನ ಮನೆ ಸೇರಿದವು, ಕಣದಲ್ಲಿ ಜನ ರಾಶಿಗೆ ಹುಲ್ಲು ಮುಚ್ಚಿ ಎದ್ದರು. ಸಾಯುವವರೆಗೂ ಈ ಮನುಷ್ಯ ಈ ಕಲ್ಲಿನ ಈಚೆಗೇ ಉಳಿಯುತ್ತಾನೇನೋ ಎಂದು ನನಗೆ ಭಯವಾಯಿತು.

ಆಗ ದಿಣ್ಣೆಯ ಮೇಲೆ ಯಾರೋ ಕಂಡರು. ಕುಳ್ಳಯ್ಯ. ಕೋಲು ಊರಿಕೊಂಡು, ಇನ್ನೊಂದು ಕೈಯಲ್ಲಿ ಒಂದು ದಪ್ಪ ಕಲ್ಲನ್ನು ಸೊಂಟಕ್ಕೆ ಒತ್ತಿ ಹಿಡಿದು ಹತ್ತುತ್ತಿದ್ದರು. ಹುಣಸೆ ಮರದ ಕೆಳಗೆ ಅದನ್ನು ಹಾಕಿದರು. ಮತ್ತೆ ಕೆಳಗಿಳಿದು ಹೋಗಿ ಇನ್ನೊಂದು ಕಲ್ಲು ತಂದರು. ಎರಡನ್ನೂ ಕಾಲಿನಿಂದ ಸರಿಸಿ ಗಾಲಿಗೂ ಗಾಲಿಗೂ ನಡುವೆ ಇರುವಷ್ಟು ಅಂತರಕ್ಕೆ ಇಟ್ಟು, ನಮ್ಮನ್ನು ಕರೆಯದೆ, ಅಲ್ಲೇ ಪಕ್ಕದಲ್ಲಿ ನಿಂತುಕೊಂಡರು.

ಇವರಿಗೆ ಕೀಲಿ ತಿರುಗಿಸಲು ಎರಡು ಸಲ ಬೇಕಾಯಿತು. ಎಲ್ಲೆಗಲ್ಲು ದಾಟಿ, ದಿಣ್ಣೆ ಹತ್ತಿ, ವ್ಯಾನಿನ ಮೂತಿಯನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲಿಸಿದರು. ಕಲ್ಲು ಕೊಡಲು ಇವರು ಇಳಿಯುವಷ್ಟರಲ್ಲಿ ಕುಳ್ಳಯ್ಯ ಬಗ್ಗಿ, ಗಾಲಿಯನ್ನು ಕೈಯಿಂದ ತಡವಿ ನೋಡಿ, ಎರಡೂ ಕಲ್ಲುಗಳನ್ನು ತಾವೇ ಕೊಟ್ಟರು. ಎದ್ದು ನಿಂತು ಸುಧಾರಿಸಿಕೊಂಡು, "ಸರದಿ ನಮ್ದೇಯ. ಉಣ್ಣಕ್ ಬನ್ನಿ" ಎಂದರು.

ಅವರೆಕಾಳಿನ ಸಾರು, ಮುದ್ದೆ. ದ್ಯಾವಮ್ಮ ಎರಡನೆಯ ಮುದ್ದೆ ಇಕ್ಕಲು ಬಂದಾಗ ಇವರು ಬೇಡವೆನ್ನಲಿಲ್ಲ, ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಆ ರಾತ್ರಿಯೂ ನನ್ನ ದಿಂಬು ಜಾರಿತು. ನಾನು ಎದ್ದು ಅದನ್ನು ಸರಿಮಾಡಿಕೊಂಡು ಸುಮ್ಮನೆ ಮಲಗಿದೆ.

ಬೆಳಿಗ್ಗೆ ಇವರು ಎಂದಿನಂತೆ ಮರದ ಕೆಳಗೆ ಗುಡಿಸುತ್ತಿರುವಾಗ ಗಂಡ ಹೆಂಡತಿ ಇಬ್ಬರೂ ದಿಣ್ಣೆ ಹತ್ತಿ ಬಂದರು. ದ್ಯಾವಮ್ಮ ನನ್ನ ಕೈಗೆ ಒಂದು ಚೀಲ ಅವರೆಕಾಯಿ ಕೊಟ್ಟರು. ಆಮೇಲೆ ಇವರ ಮುಂದೆ ಹೋಗಿ ನಿಂತು, ಒಂದು ಕೇಳುತ್ತೇನೆ, ಇಲ್ಲ ಎನ್ನಬಾರದು ಎಂದರು.

"ಅವತ್ತು ಬಸ್ಸು ಇಲ್ಲೇ ಇದ್ದಿದ್ರೆ ಎಂಗ್ ಓಡ್ತಿತ್ತು, ತೋರ್ಸಪ್ಪ."

ಇವರು ಪೊರಕೆ ಕೆಳಗಿಟ್ಟು ನನ್ನ ಕಡೆ ನೋಡಿದರು. ಬೇಡ ಎಂದು ನಾನು ಕಣ್ಣಲ್ಲೇ ಹೇಳಿದೆ. ಕುಳ್ಳಯ್ಯನೂ ಏನೋ ಹೇಳಲು ಹೋದರು, ದ್ಯಾವಮ್ಮ ಕೈ ಅಡ್ಡ ಮಾಡಿದರು. ಅವರು ಹದಿನೆಂಟು ವರ್ಷ ಆ ಬಾಗಿಲಲ್ಲಿ ನಿಂತು ಈ ದಿಣ್ಣೆ ನೋಡಿದವರು. ಇಲ್ಲ ಎನ್ನಲು ನಾವು ಯಾರು?

ಇವರು ವ್ಯಾನು ಹತ್ತಿ ಕೂತರು. ಕೀಲಿ ತಿರುಗಿಸಿದರು, ಸೆಲ್ಫ್ ಹೊಡೆಯಲಿಲ್ಲ. ಕುಳ್ಳಯ್ಯ ಬಗ್ಗಿ ಒಂದು ಕಲ್ಲು ಎಳೆದರು, ಇನ್ನೊಂದನ್ನು ನಾನು ಎಳೆದೆ. ವ್ಯಾನು ಸದ್ದಿಲ್ಲದೆ ಉರುಳಿತು. ಹತ್ತು ಮಾರು ಹೋಗಿರಬಹುದು, ಒಮ್ಮೆ ಜಗ್ಗಿತು, ಎಂಜಿನ್ನು ಹತ್ತಿಕೊಂಡಿತು. ಕೆಳಗೆ ರಸ್ತೆಗೆ ಇಳಿದು, ನಿಂತು, ಗುರ್ ಎನ್ನುತ್ತ ನನಗಾಗಿ ಕಾಯತೊಡಗಿತು.

ದ್ಯಾವಮ್ಮ ಆ ಹತ್ತು ಮಾರು ನೆಲವನ್ನೇ ನೋಡುತ್ತಿದ್ದರು.

"ಇಷ್ಟೇಯಾ?" ಎಂದರು.

ನಾನು ಅವರ ಕೈ ಹಿಡಿದುಕೊಂಡು, "ಇಷ್ಟೇ ಕಣಕ್ಕ" ಎಂದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಕುಳ್ಳಯ್ಯ ಎರಡು ಕಲ್ಲುಗಳನ್ನೂ ಒಂದೊಂದಾಗಿ ಎತ್ತಿ ತಂದು ಹುಣಸೆ ಮರದ ಬುಡಕ್ಕೆ ಇಟ್ಟರು.